ಎಂಟು ಗೀಟಿನ ಎಣ್ಣೆ

ತಂಜುಂಗ್ ಲಲಾಂಗ್, ತೆರೆಂಗಾನು
ಜೂನ್ 14

ಮಗಳೇ ಹಾನಾ,

ನೀನಿರುವ ಕಾಡಿನಲ್ಲಿ ಫೋನಿನ ಗೋಪುರ ನಿಲ್ಲಿಸಿರುವುದು ಹಕ್ಕಿಗಳು ಕೂರಲಿಕ್ಕೆ ಅಂತ ಕಾಣುತ್ತದೆ. ಭಾನುವಾರ ನೀನು ಗುಡ್ಡ ಹತ್ತಿ ಮಾಡಿದ ಕರೆ, ಬೇಕಾದ ಮಾತು ಬರುವ ಹೊತ್ತಿಗೇ ಸರಿಯಾಗಿ ಕಡಿದುಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ. ಹದಿನೈದು ದಿನ ತಡವಾದರೂ ನಿಮ್ಮ ಶಾಲೆಯ ದೋಣಿಯಲ್ಲಿ ಈ ಕಾಗದ ಬಂದು ಮುಟ್ಟುತ್ತದೆ, ನಡುವೆ ಕಡಿಯುವುದಿಲ್ಲ.

ವಿಷಯ ಇಷ್ಟು. ನಿನ್ನ ಕರೆಗೂ ಮುಂಚಿನ ಸೋಮವಾರ ನಿಮ್ಮಪ್ಪ ಜೆಟ್ಟಿಯ ಡೀಸೆಲ್ ಪಂಪಿಗೆ ಹೋಗಿ ಎಂದಿನಂತೆ ಮೀನುಗಾರರ ಕಾರ್ಡು ಇಟ್ಟರು. ಹಸಿರು ದೀಪ ಬರಬೇಕಾದಲ್ಲಿ ಕೆಂಪು ಬಂತು. ಲುಂಗಿಗೆ ಒರೆಸಿ ಒರೆಸಿ ಮೂರು ಸಲ ಇಟ್ಟರೂ ಕೆಂಪೇ. ಪಂಪಿನವಳು, "ಎಂಬೊಂಗಣ್ಣ, ಈ ತಿಂಗಳಿಂದ ಆದಾಯ ನೋಡಿ ಸಬ್ಸಿಡಿ ಕೊಡೋದು. ನಿಮ್ಮನೆ ಮೇಲಿನ ವರ್ಗದಲ್ಲಿದೆ. ಪೂರ್ತಿ ಬೆಲೆ ಕೊಟ್ರೆ ಹಾಕ್ತೀನಿ" ಅಂದಳಂತೆ. ಹಿಂದೆ ನಿಂತಿದ್ದ ಪಕ್ಕದ ಮನೆ ದೆರಾಮಾನ್ ಬಾಯಿ ಸುಮ್ಮನಿರುತ್ತದೆಯೇ? "ಡಾತೋ ಬಿರುದಿನ ದೊಡ್ಡ ಸಾಹೇಬ್ರಿಗೆ ದಾರಿ ಬಿಡ್ರಪ್ಪಾ, ಅವ್ರ ಹಡಗು ಕಾಯ್ತಾ ಇದೆ" ಅಂದನಂತೆ. ಎಲ್ಲರೂ ನಕ್ಕರು. ನಿಮ್ಮಪ್ಪನೂ ಅವರ ಜೊತೆ ನಕ್ಕರು. ಮನೆಗೆ ಬಂದು ನನ್ನೆದುರು ಮಾತ್ರ ನಗಲಿಲ್ಲ.

ಕೈಲಿದ್ದ ದುಡ್ಡಿಗೆ ನಾಲ್ಕು ಗೀಟು ಎಣ್ಣೆ ಬಂತು. ನೀಲಿ ಡ್ರಮ್ಮಿಗೆ ಇಳಿಸಿ ನೋಡುವ ಆ ಬೆತ್ತದ ಕೋಲು ನಿನಗೆ ನೆನಪಿದೆಯಲ್ಲ, ಚಾಕುವಿನಲ್ಲಿ ಎಂಟು ಗೀಟು ಕೊರೆದದ್ದು. ಎಂಟು ತುಂಬಿಸಿಕೊಂಡು ಹೋಗಿ ತಳ ಒಣಗಿಸಿಕೊಂಡು ಬರುವವರು ಅವರು. ಈಗ ನಾಲ್ಕರಲ್ಲಿ ಹೋಗುತ್ತಿದ್ದಾರೆ. ಮೊನ್ನೆ ಕೊನೆಯ ಅರ್ಧ ದಾರಿ ಹುಟ್ಟು ಹಾಕಿಕೊಂಡು ಬಂದರು. ಅರವತ್ತೊಂದರ ಗಂಡಸಿನ ಅಂಗೈಯ ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದೆ. "ನಮ್ಮೋರಿಗೆ ನಾಲ್ಕೇ ಸಾಕಾಗತ್ತಲ್ಲ ಜಾರಕ್ಕ, ನಿಮ್ಮೋರಿಗ್ಯಾಕೆ ಎಂಟು?" ಅಂತ ದೆರಾಮಾನನ ಹೆಂಡತಿ ಕೇಳಿದಳು. ನಮ್ಮ ಎಂಜಿನ್ ಹಳೇದು, ಕುಡುಕ, ಎಂದು ಅವಳ ಬಾಯಿ ಮುಚ್ಚಿಸಿದೆ.

ನನಗೆ ಹೆದರಿಕೆಯಾಗುತ್ತಿದೆ. ಹಬ್ಬದ ದಿನ ಜಗಲಿ ಮೇಲೆ ಕೂತು ಫೋನಿನಲ್ಲಿ ಸರ್ಕಾರದ ಫಾರಂ ತುಂಬಿದೆಯಲ್ಲ, ಅದರಲ್ಲಿ ಏನು ಬರೆದೆ ನೀನು? ಮೀನು ಹಿಟ್ಟು ನಾದಿ ಕೆರೊಪೊಕ್ ತಿಂಡಿ ಬೇಯಿಸಿ ಮಾರುವ ನಾನು ಯಾವ ಲೆಕ್ಕದಲ್ಲಿ ಶ್ರೀಮಂತಳಾದೆ?

ಬೇಗ ಬರೆ.
ನಿನ್ನ ಅಮ್ಮ, ಜಾರಾ

•

ಬಾಲೆ ನದಿ ದಂಡೆಯ ಶಾಲೆ, ಸರವಾಕ್
ಜೂನ್ 29

ಅಮ್ಮಾ,

ನಿನ್ನ ಕಾಗದ ಎರಡು ಸಲ ಓದಿದೆ. ಮೂರನೇ ಸಲಕ್ಕೆ ಧೈರ್ಯ ಬರಲಿಲ್ಲ. ತಪ್ಪು ನನ್ನದು.

ಮನೆಯಲ್ಲಿ ಎಷ್ಟು ಜನ ಎಂದು ಫಾರಂ ಕೇಳಿತು. ಅಪ್ಪ, ನೀನು, ಇಬ್ಬರು ಎಂದು ಒತ್ತುವುದರಲ್ಲಿದ್ದೆ. ನೀನು ಒಲೆಯ ಮುಂದಿನಿಂದಲೇ, "ನಿಮ್ಮಣ್ಣನ ಹೆಸರು ಹಾಕಿದ್ಯೇನೇ?" ಅಂದೆ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕಿಟಕಿ ಕಡೆ ತಿರುಗಿ ಸಿಗರೇಟು ಹಚ್ಚಿದರು. "ಹಾಕು, ಅವನೂ ಈ ಮನೆಯವ್ನೇ" ಅಂದೆ ನೀನು. ಹಾಕಿದೆ. ಕೆಲಸ ಕೇಳಿತು, ಸಮುದ್ರದ ಎಣ್ಣೆ ರಿಗ್ ಎಂದು ಬರೆದೆ. ಸಂಬಳ ಕೇಳಿತು, ನೀನು ಹೇಳಿದಷ್ಟನ್ನೇ ಬರೆದೆ. ನೀನು ಅದನ್ನು ಹೇಳುವಾಗ ಮುಖ ಎಷ್ಟು ಅರಳಿತ್ತೆಂದರೆ, ಹಬ್ಬದ ದಿನ ಅದನ್ನು ಕೆಡಿಸಲು ನನ್ನಿಂದ ಆಗಲಿಲ್ಲ.

ನಾಲ್ಕು ವರ್ಷ ಏಳು ತಿಂಗಳಾಯಿತಮ್ಮ. ರಿದುವಾನಣ್ಣ ರಜೆಗೆ ಬರುತ್ತಿದ್ದ ದೋಣಿಯಿಂದ, ದ್ವೀಪದಾಚೆ ಹಡಗುಗಳಿಗೆ ದಾರಿ ತೋರಿಸುವ ಆ ಕೆಂಪು ಪೀಪಾಯಿ ತೇಲುತ್ತದಲ್ಲ, ಅಲ್ಲಿ ನವೆಂಬರಿನ ಅಲೆ ಅವನನ್ನು ಎಳೆದುಕೊಂಡಿತು. ಹನ್ನೆರಡು ದಿನ ಹುಡುಕಿದರು, ಸಿಗಲಿಲ್ಲ. ಸರ್ಕಾರದ ಯಂತ್ರಕ್ಕೆ ಇದು ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಅಣ್ಣ ಇಂದಿಗೂ ಪ್ರತಿ ತಿಂಗಳು ಸಂಬಳ ತರುತ್ತಿದ್ದಾನೆ.

ಜಿಲ್ಲಾ ಕಚೇರಿಗೆ ಹೋಗಿ ಹೆಸರು ತೆಗೆಸು. ಇನ್ನೊಂದು ಮಾತು, ಹೇಳಲು ನಾಚಿಕೆಯಾಗುತ್ತದೆ. ಸುಳ್ಳು ಬರೆದರೆ ಶಿಕ್ಷೆ ಎಂದು ಫಾರಮ್ಮಿನ ಕೊನೆಯಲ್ಲಿತ್ತು. ನಾನು ಸರ್ಕಾರಿ ಸಂಬಳದವಳು. ತುಂಬಿದ್ದು ನಾನು ಎಂದು ಅಲ್ಲಿ ಹೇಳಬೇಡ.

ಅಪ್ಪನನ್ನು ದೂರ ಹೋಗಲು ಬಿಡಬೇಡ.
ಹಾನಾ

•

ತಂಜುಂಗ್ ಲಲಾಂಗ್
ಜುಲೈ 12

ಹಾನಾ,

ಕಚೇರಿಗೆ ಹೋಗಿಬಂದೆ. ಹೋದ ಪುಟ್ಟ ಬಂದ ಪುಟ್ಟ ಅಂತಾರಲ್ಲ, ಹಾಗೆ.

ಗಾಜಿನ ಹಿಂದಿದ್ದ ಗುಮಾಸ್ತೆ ಒಳ್ಳೆಯವಳೇ. ಕುರ್ಚಿ ಕೊಟ್ಟಳು, ಅಮ್ಮ ಎಂದಳು. ಪರದೆ ನೋಡಿ, "ಮೂರನೇ ಹೆಸರು ರಿದುವಾನ್, ಎಂಬೊಂಗರ ಮಗ. ಇವ್ರ ಸಂಬಳದಿಂದ್ಲೇ ನೀವು ಮೇಲಿನ ವರ್ಗಕ್ಕೆ ಹೋಗಿರೋದು. ಬೇರೆ ಕಡೆ ಇದ್ರೆ ಅವ್ರೇ ಬಂದು ತೆಗೆಸ್ಕೋಬೇಕು. ಎಲ್ಲಿದಾರೆ?" ಅಂದಳು.

"ಕಡಲಲ್ಲಿ" ಅಂದೆ.

"ಯಾವಾಗ ಬರ್ತಾರೆ?"

ಹಿಂದೆ ಸಾಲಿನಲ್ಲಿ ಹತ್ತು ಜನ. "ಬರ್ತಾನೆ" ಅಂದೆ.

ಅವಳು ಗಾಜಿನ ಹತ್ತಿರಕ್ಕೆ ಬಾಗಿ ದನಿ ಇಳಿಸಿದಳು. "ಅಮ್ಮ, ತೀರ್ಕೊಂಡಿದ್ರೆ ಮರಣಪತ್ರ ತನ್ನಿ. ಕಾಣೆಯಾಗಿದ್ರೆ ಷರಿಯಾ ಕೋರ್ಟಿಂದ, ಅವ್ರು ಬದುಕಿಲ್ಲ ಅಂತ ಆದೇಶ ಬೇಕು. ಎರಡೂ ಇಲ್ದೆ ಈ ಯಂತ್ರ ನನ್ನ ಮಾತು ಕೇಳಲ್ಲ. ಇದನ್ನ ತುಂಬಿದ್ದು ಯಾರು?"

"ನಾನೇ" ಅಂದೆ. ಸರತಿ ಚೀಟಿ ಕೊಡುವ ಯಂತ್ರದಲ್ಲಿ ಗುಂಡಿ ಎಲ್ಲಿದೆ ಎಂದು ಕನ್ನಡಕ ಹಾಕಿಕೊಂಡು ಹುಡುಕಿದವಳು ನಾನು, ಅದನ್ನು ಅವಳು ನೋಡಿದ್ದಳು. ಆದರೂ ನಂಬಿದವಳ ಹಾಗೆ ತಲೆಯಾಡಿಸಿದಳು. ನಿನ್ನ ಹೆಸರು ಎತ್ತಿಲ್ಲ, ಹೆದರಬೇಡ.

ಬಸ್ಸಿನಲ್ಲಿ ಬರುವಾಗ ಅದೇ ಮಾತು ತಲೆಯಲ್ಲಿ. ಬದುಕಿಲ್ಲ ಎಂದು ಬರೆದುಕೊಡಬೇಕಂತೆ. ಹೆತ್ತವಳು ಹೋಗಿ. ಕಡಲ ತಳದಿಂದ ಎಣ್ಣೆ ತೆಗೆದವನು ನನ್ನ ಮಗ, ಅವನಪ್ಪನ ದೋಣಿಗೆ ಎಣ್ಣೆ ಇಲ್ಲ. ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಬಲೆ ಹೆಣೆಯುತ್ತಲೇ ಇದ್ದರು. "ಅನ್ನ ಇದ್ಯಾ?" ಅಂತ ಕೇಳಿದರು.

ಇವತ್ತು ಮೂರೇ ಗೀಟಿನಲ್ಲಿ ಹೋಗಿದ್ದಾರೆ.
ಅಮ್ಮ

•

ಬಾಲೆ ನದಿ
ಆಗಸ್ಟ್ 1

ಅಮ್ಮಾ,

ನನ್ನ ಹೆಸರು ಎತ್ತಿಲ್ಲ ಎಂದು ಓದಿ ನೆಮ್ಮದಿಯಾಯಿತು, ಆ ನೆಮ್ಮದಿಗೆ ನನ್ನ ಮೇಲೇ ಅಸಹ್ಯವಾಯಿತು. ಹೇಳಬೇಕಾದರೆ ಹೇಳು. ನಾನೇ ಬಂದು ಒಪ್ಪಿಕೊಳ್ಳುತ್ತೇನೆ.

ಆದರೆ ಕೋರ್ಟಿಗೆ ಹೋಗಮ್ಮ. ಇಲ್ಲಿ ನನ್ನ ಜೊತೆಯ ಮೇಷ್ಟರು ವಿಚಾರಿಸಿ ಹೇಳಿದರು, ನಾಲ್ಕು ವರ್ಷ ದಾಟಿದರೆ ಅರ್ಜಿ ಹಾಕಬಹುದಂತೆ. ಅಣ್ಣನ ಜೊತೆ ದೋಣಿಯಲ್ಲಿದ್ದವರು ಸಾಕ್ಷಿ ಹೇಳುತ್ತಾರೆ. ನವೆಂಬರಿನೊಳಗೆ ಗಾಳಿ ತಿರುಗುತ್ತದೆ. ಮೂರು ಗೀಟಿನಲ್ಲಿ ಆ ಗಾಳಿಗೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಪಾಠ ಮಾಡುವಾಗಲೂ ಅಪ್ಪನ ಡ್ರಮ್ಮೇ ಕಣ್ಣ ಮುಂದೆ ಬರುತ್ತದೆ. ಇಲ್ಲದವನನ್ನು ಇಲ್ಲ ಎನ್ನಲು ಹೆದರಿ, ಇರುವವರನ್ನೂ ಕಳೆದುಕೊಳ್ಳುತ್ತೀವೇನೋ ಅಮ್ಮ.

ಹಾನಾ

•

ತಂಜುಂಗ್ ಲಲಾಂಗ್
ಆಗಸ್ಟ್ 18

ಹಾನಾ,

ನಿನ್ನ ಕೊನೆಯ ಸಾಲನ್ನು ಕತ್ತರಿಸಿ ಒಲೆಗೆ ಹಾಕಿದ್ದೇನೆ. ಇನ್ನೊಮ್ಮೆ ಅಂಥದ್ದು ಬರೆದರೆ ಇಡೀ ಕಾಗದ ಹೋಗುತ್ತದೆ.

ಪ್ರತಿ ತಿಂಗಳೂ ಅವನ ಫೋನಿನ ನಂಬರಿಗೆ ದುಡ್ಡು ಹಾಕುತ್ತಿದ್ದೇನೆ, ನಂಬರು ಸಾಯಬಾರದೆಂದು. ಪ್ರತಿ ವರ್ಷ ಉಪವಾಸದ ತಿಂಗಳಿಗೆ ಮುಂಚೆ ಮಸೀದಿಯಲ್ಲಿ ತೀರಿಹೋದವರ ಹೆಸರು ಬರೆದುಕೊಡು ಎಂದು ಇಮಾಮರು ಚೀಟಿ ಕೊಡುತ್ತಾರೆ. ನನ್ನ ಅಪ್ಪ ಅಮ್ಮನ ಹೆಸರು ಬರೆದು ಹಿಂದಿರುಗಿಸುತ್ತೇನೆ. ಕೆಳಗೆ ಜಾಗ ಉಳಿದಿರುತ್ತದೆ. ಇಮಾಮರು ಆ ಜಾಗ ನೋಡಿ ಚೀಟಿ ಮಡಚಿಕೊಳ್ಳುತ್ತಾರೆ. ಊರಿನ ಯಾರೂ ಕೇಳದ್ದನ್ನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಕೇಳುತ್ತಿದ್ದಾಳೆ, ಎಣ್ಣೆಗೋಸ್ಕರ.

ನಿಮ್ಮಪ್ಪನಿಗೆ ಹೇಳಿದ್ದೇನೆ, ದ್ವೀಪದ ಈಚೆಯೇ ಬಲೆ ಹಾಕಿ, ಸಣ್ಣ ಮೀನಾದರೂ ಸರಿ ಎಂದು. ಹೂಂ ಅಂದಿದ್ದಾರೆ.

ಅಮ್ಮ

•

ಜೆಟ್ಟಿಯಿಂದ
ಸೆಪ್ಟೆಂಬರ್ 9, ಮಧ್ಯಾಹ್ನ

ಹಾನಾ,

ನಿಮ್ಮಪ್ಪ ಭಾನುವಾರ ಬೆಳಗಿನ ನಮಾಜು ಮುಗಿಸಿ ಹೋದವರು ಬಂದಿಲ್ಲ. ಇವತ್ತು ಮಂಗಳವಾರ. ನಾಲ್ಕು ಗೀಟು ಇತ್ತು, ನಾನೇ ಅಳೆದೆ.

ದೆರಾಮಾನ್ ಮತ್ತೆ ಇನ್ನೂ ಆರು ದೋಣಿಗಳು ಹೋಗಿವೆ. ತಮ್ಮ ಪಾಲಿನ ಎಣ್ಣೆಯನ್ನು ಸುಟ್ಟುಕೊಂಡು ಹುಡುಕುತ್ತಿದ್ದಾರೆ. ಕಡಲ ಪೊಲೀಸರೂ ಹೋಗಿದ್ದಾರೆ. ದ್ವೀಪದ ಈಚೆ ಎಲ್ಲೂ ಇಲ್ಲವಂತೆ. ಗಾಳಿ ಎದ್ದಿದೆ. ಇದೇ ಕಟ್ಟೆ ಮೇಲೆ ಹನ್ನೆರಡು ದಿನ ಕೂತಿದ್ದೆ ನಾನು. ಅದೇ ಜಾಗದಲ್ಲಿ ಕೂತಿದ್ದೇನೆಂದು ಈಗ ಗೊತ್ತಾಗಿ ಎದ್ದು ಬೇರೆ ಕಡೆ ಕೂತೆ.

ನಿನ್ನ ಶಾಲೆಗೆ ಕರೆ ಹೋಗುತ್ತಿಲ್ಲ. ಮೂವತ್ತು ಸಲ ಮಾಡಿದೆ. ಕೈ ಸುಮ್ಮನಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನೀನು ಬರೆದದ್ದು ಸರಿಯಾಗಿತ್ತು. ಒಲೆಗೆ ಹಾಕಬಾರದಿತ್ತು.

ಅಮ್ಮ

•

ತಂಜುಂಗ್ ಲಲಾಂಗ್
ಸೆಪ್ಟೆಂಬರ್ 12

ಮಗಳೇ,

ಮೊದಲೇ ಹೇಳಿಬಿಡುತ್ತೇನೆ, ಅಪ್ಪ ಸಿಕ್ಕಿದ್ದಾರೆ. ಜೀವ ಇದೆ. ತುಟಿ ಒಡೆದಿದೆ, ಬೆನ್ನ ಚರ್ಮ ಸುಲಿದಿದೆ, ಆಸ್ಪತ್ರೆಯವರು ಎರಡು ದಿನ ಇಟ್ಟುಕೊಂಡು ಕಳಿಸಿದರು. ಈಗ ಗಂಜಿ ಕುಡಿದು ಮಲಗಿದ್ದಾರೆ.

ಆಳದ ಕಡಲಲ್ಲಿ ಮೀನು ಹಿಡಿಯುವ ದೊಡ್ಡ ದೋಣಿಯವರು ಮಂಗಳವಾರ ಸಂಜೆ ಕಂಡರಂತೆ. ಎಲ್ಲಿ ಗೊತ್ತೇನು? ಕೆಂಪು ಪೀಪಾಯಿಯ ಹತ್ತಿರ. ದೋಣಿಯನ್ನು ಅದಕ್ಕೇ ಹಗ್ಗದಲ್ಲಿ ಕಟ್ಟಿಕೊಂಡು, ಬಲೆ ಹೊದ್ದು ಮಲಗಿದ್ದರಂತೆ. ಡ್ರಮ್ಮು ಒಣಗಿತ್ತು.

ಊರಿನವರು ಯಾರೂ ಅಲ್ಲಿಗೆ ಮೀನಿಗೆ ಹೋಗುವುದಿಲ್ಲ. ಆಗ ನನಗೆ ಆ ಎಂಟು ಗೀಟು ಅರ್ಥವಾಯಿತು. ಎಂಜಿನ್ ಕುಡುಕ ಅಲ್ಲ ಹಾನಾ.

ಆಸ್ಪತ್ರೆಯಲ್ಲಿ ಪಕ್ಕ ಕೂತು ಕೇಳಿದೆ, "ಎಷ್ಟು ದಿನದಿಂದ ಅಲ್ಲಿಗೆ ಹೋಗ್ತಿದ್ದೀರಿ?"

"ಹೋದಾಗೆಲ್ಲ" ಅಂದರು.

"ಐದು ವರ್ಷದಿಂದ?"

"ಅಲ್ಲಿ ನೀರು ಸುತ್ತತ್ತೆ. ಏನಾದ್ರೂ ಮೇಲೆ ಬಂದ್ರೆ ಅಲ್ಲೇ ಬರ್ಬೇಕು."

"ನಂಗ್ಯಾಕೆ ಹೇಳ್ಲಿಲ್ಲ? ನಾನೊಬ್ಳೇ ಕಾಯ್ತಿದೀನಿ ಅಂದ್ಕೊಂಡಿದ್ದೆ."

ನಿಮ್ಮಪ್ಪ ಗೋಡೆ ಕಡೆ ತಿರುಗಿಕೊಂಡರು. "ನೀನು ಕಾಯ್ತಿರೋದು ಬದುಕಿರೋನ್ನ. ನಾನು ಹುಡುಕ್ತಿದ್ದದ್ದು ಅವನನ್ನಲ್ಲ ಕಣೇ. ಒಂದು ಚಪ್ಪಲಿ ಸಿಕ್ಕಿದ್ರೂ ಸಾಕಿತ್ತು, ಮಣ್ಣು ಮಾಡೋಕೆ."

ಮೂವತ್ತೈದು ವರ್ಷ ಒಂದೇ ಚಾಪೆಯಲ್ಲಿ ಮಲಗಿದ್ದೇವೆ. ಇಷ್ಟು ಮಾತು ಅವರ ಬಾಯಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ನನಗೆ ಈಗ ಹೆದರಿಕೆ ಇನ್ನೂ ಹೆಚ್ಚಾಗಿದೆ. ಎಣ್ಣೆ ಕಡಿಮೆಯಾದರೂ ಅವರು ಅಲ್ಲಿಗೇ ಹೋಗುತ್ತಾರೆ.

ಅಮ್ಮ

•

ಬಾಲೆ ನದಿ
ಸೆಪ್ಟೆಂಬರ್ 28

ಅಮ್ಮಾ,

ಎರಡು ಕಾಗದವೂ ಒಂದೇ ದೋಣಿಯಲ್ಲಿ ಬಂದವು. ಜೆಟ್ಟಿಯಲ್ಲಿ ಬರೆದದ್ದನ್ನೇ ಮೊದಲು ಒಡೆದೆ. ಇನ್ನೊಂದನ್ನು ಒಡೆಯಲು ನನ್ನಿಂದ ಆಗಲಿಲ್ಲ. ಅದರ ಮೇಲೂ ನಿನ್ನದೇ ಅಕ್ಷರ, ಮೂರು ದಿನ ಈಚಿನ ತಾರೀಖು. ಒಳಗೆ ಏನಿರಬಹುದೆಂದು ಕೈಯಲ್ಲಿ ಹಿಡಿದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತೆ. ಅಡುಗೆಯ ಸುಲಾವ್ ಚಿಕ್ಕಮ್ಮ ಕೈ ಒರೆಸಿಕೊಂಡು ಬಂದು, "ಕೊಡು ಇಲ್ಲಿ" ಎಂದು ಕಿತ್ತುಕೊಂಡು ಹರಿದಳು. ಅವಳಿಗೆ ಓದುವುದು ನಿಧಾನ. "ಮೊ-ದ-ಲೇ ಹೇ-ಳಿ" ಎಂದು ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು. ಅಪ್ಪ ಸಿಕ್ಕಿದ್ದಾರೆ ಎನ್ನುವಷ್ಟರಲ್ಲಿ ನಾನು ಸತ್ತು ಹುಟ್ಟಿದ್ದೆ.

ಕೋರ್ಟಿನ ಮಾತು ನಾನು ಇನ್ನು ಎತ್ತುವುದಿಲ್ಲ. ನೀನು ಏನು ಮಾಡಿದರೂ ಸರಿ.

ಹಾನಾ

•

ತಂಜುಂಗ್ ಲಲಾಂಗ್
ನವೆಂಬರ್ 21

ಹಾನಾ,

ನೀನು ಎತ್ತುವುದಿಲ್ಲ ಎಂದೆ, ನಾನೇ ಎತ್ತಿದೆ. ಅರ್ಜಿ ಹಾಕಿ ಆರು ವಾರವಾಯಿತು, ನಿನ್ನೆ ವಿಚಾರಣೆ.

ಹಾಕುವ ಮುಂಚೆ ನಿಮ್ಮಪ್ಪನ ಎದುರು ಕೂತು ಹೇಳಿದೆ, "ನಾನು ಅವನಿಲ್ಲ ಅಂತ ಬರ್ಕೊಡ್ತೀನಿ. ನೀವು ಆ ಕೆಂಪು ಪೀಪಾಯಿ ಹತ್ರ ಹೋಗೋದು ಬಿಡ್ಬೇಕು. ನಾನೊಂದು ಬಿಡ್ತೀನಿ, ನೀವೊಂದು ಬಿಡಿ." ಹೂಂ ಅಂದರು. ಅವರ ಹೂಂ ನಿನಗೆ ಗೊತ್ತು. ಕೇಳಿಸಿತು ಎಂದಷ್ಟೇ ಅದರ ಅರ್ಥ.

ನ್ಯಾಯಾಧೀಶರು ನಿನ್ನ ಅಣ್ಣನಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ನನ್ನನ್ನು ನಿಲ್ಲಿಸಿ ದೇವರ ಮೇಲೆ ಆಣೆ ಮಾಡಿಸಿದರು. ಮಗ ಕಾಗದ ಬರೆದನೇ, ಯಾರ ಕೈಲಾದರೂ ಸುದ್ದಿ ಕಳಿಸಿದನೇ ಎಂದು ಒಂದೊಂದಾಗಿ ಕೇಳಿದರು. ಇಲ್ಲ, ಇಲ್ಲ ಎಂದೆ. ಫೋನು ಮಾಡಿದನೇ ಎಂದರು.

"ನಾನೇ ಮಾಡ್ತೀನಿ. ಪ್ರತಿ ಶುಕ್ರವಾರ" ಅಂದೆ.

"ಯಾರು ಎತ್ತುತ್ತಾರೆ?"

"ಒಬ್ಳು ಹೆಣ್ಣುಮಗಳು. ಈ ನಂಬರು ಸದ್ಯಕ್ಕೆ ಸಿಗೋದಿಲ್ಲ, ಆಮೇಲೆ ಪ್ರಯತ್ನಿಸಿ ಅಂತಾಳೆ. ಆಮೇಲೆ ಅಂತಾಳಲ್ಲ ಸ್ವಾಮಿ, ಅದಕ್ಕೇ ಮಾಡ್ತಿದ್ದೆ."

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ಕೇಳಲೇಬೇಕಾದ್ದನ್ನು ಕೇಳಿದರು, ನಿಮ್ಮ ಮಗ ಬದುಕಿಲ್ಲ ಎಂದು ನೀವು ನಂಬುತ್ತೀರಾ ಎಂದು. ಬಾಯಲ್ಲಿ ಹೂಂ ಎಂದೆ. ಸುಳ್ಳು ಆಣೆ ಮಾಡಿದೆನೇನೋ ಎಂದು ಅಲ್ಲಿಂದ ಇಲ್ಲಿಯವರೆಗೂ ದೇವರ ಕ್ಷಮೆ ಕೇಳುತ್ತಿದ್ದೇನೆ, ಏಕೆಂದರೆ ನಾನು ನಂಬಿರಲಿಲ್ಲ. ನಿಮ್ಮಪ್ಪನನ್ನು ಉಳಿಸಿಕೊಳ್ಳಲು ಹಾಗೆಂದೆ.

ಗಾಳಿ ಶುರುವಾಗಿದೆ, ದೋಣಿ ದಡದ ಮೇಲಿದೆ. ಈ ಮೂರು ತಿಂಗಳಾದರೂ ನಾನು ನಿದ್ದೆ ಮಾಡಬಹುದು.

ಅಮ್ಮ

•

ತಂಜುಂಗ್ ಲಲಾಂಗ್
ಫೆಬ್ರವರಿ 13

ಹಾನಾ,

ಕೋರ್ಟಿನ ಆದೇಶ ಬಂತು. ಜಿಲ್ಲಾ ಕಚೇರಿಯ ಆ ಗುಮಾಸ್ತೆ ಅದನ್ನು ನೋಡಿ ಎದ್ದು ನಿಂತಳು. ಹೆಸರು ತೆಗೆಯಲು ಅವಳಿಗೆ ಒಂದು ನಿಮಿಷ ಹಿಡಿಯಲಿಲ್ಲ. ಫಾರಂ ಯಾರು ತುಂಬಿದ್ದು ಎಂದು ಈ ಸಲ ಕೇಳಲಿಲ್ಲ.

ಇಮಾಮರ ಚೀಟಿಯೂ ಇದೇ ವಾರ ಬಂತು. ನನ್ನ ಅಪ್ಪ, ನನ್ನ ಅಮ್ಮ, ಬರೆದೆ. ಕೆಳಗಿನ ಜಾಗದ ಮುಂದೆ ಒಂದು ಬೆಳಗು ಪೂರ್ತಿ ಕೂತೆ. ಸರ್ಕಾರದ ಪಟ್ಟಿಯಲ್ಲಿ ಇಲ್ಲದವನು ಮಸೀದಿಯ ಪಟ್ಟಿಯಲ್ಲೂ ಇಲ್ಲದಿದ್ದರೆ ಮಗು ಎಲ್ಲಿರಬೇಕು? ಅವನಿಗೆ ಯಾರು ಪ್ರಾರ್ಥನೆ ಮಾಡಬೇಕು? ರಿದುವಾನ್, ಎಂಬೊಂಗರ ಮಗ ಎಂದು ಬರೆದು, ಮತ್ತೆ ಓದದೆ ಮಡಚಿ ಕೊಟ್ಟೆ. ಕೈ ಬರೆಯಿತು, ಮನಸ್ಸು ಮಾತ್ರ ಇನ್ನೂ ಬಾಗಿಲ ಕಡೆಗೇ ಇದೆ.

ಹಬ್ಬ ಕಳೆದ ಮೇಲೆ ನಿಮ್ಮಪ್ಪ ದೋಣಿ ಇಳಿಸುತ್ತಾರೆ. ಈಗ ಡ್ರಮ್ಮು ತುಂಬುತ್ತದೆ. ತುಂಬಿದ ಡ್ರಮ್ಮೇ ನನಗೆ ಭಯ. ಎಂಟು ಗೀಟು ಎಂದರೆ ಅಲ್ಲಿಗೆ ಹೋಗಿಬರಲು ಸರಿಯಾಗಿ ಸಾಕಾಗುವಷ್ಟು.

ಅಮ್ಮ

•

ತಂಜುಂಗ್ ಲಲಾಂಗ್
ಏಪ್ರಿಲ್ 2

ನನ್ನ ಹಾನಾ,

ನಿನ್ನೆ ದೋಣಿ ನೀರಿಗಿಳಿಯಿತು. ನಾನೂ ಪಂಪಿಗೆ ಹೋಗಿದ್ದೆ. ಕಾರ್ಡು ಇಟ್ಟರು, ಹಸಿರು ಬಂತು. ದೆರಾಮಾನ್ ಹಿಂದೆಯೇ ನಿಂತಿದ್ದ, ತಮಾಷೆ ಮಾಡಲಿಲ್ಲ. ತುಂಬಿದ ಡ್ರಮ್ಮಿನ ಒಂದು ಕಿವಿ ಹಿಡಿದು ದೋಣಿಯವರೆಗೆ ಹೊತ್ತುಕೊಂಡು ಬಂದ. ಕೋಲು ಇಳಿಸಿ ನೋಡಿದೆ, ಎಂಟು ಗೀಟು.

ನಿಮ್ಮಪ್ಪ ಹೊರಡುವಾಗ ನಮ್ಮ ಕರಾರನ್ನು ನಾನು ನೆನಪು ಮಾಡಲಿಲ್ಲ. ದೋಣಿ ದ್ವೀಪದ ಕಡೆ ಚಿಕ್ಕದಾಗುತ್ತಾ ಹೋಯಿತು. ಇಡೀ ದಿನ ಹಿಟ್ಟು ನಾದಿದೆ, ಕೆರೊಪೊಕ್‌ಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದೆ ಎರಡು ಸಲ ಹಾಕಿದೆ. ದೆರಾಮಾನನ ಹೆಂಡತಿ ಬಾಯಿಗಿಟ್ಟು, "ಅಕ್ಕಾ, ಕಡಲನ್ನೇ ಬೇಯಿಸಿದ್ದೀಯ" ಅಂದಳು.

ಬಿಸಿಲು ಇಳಿಯುವ ಹೊತ್ತಿಗೆ ದೋಣಿ ಬಂತು. ನಾನು ಮೀನಿನ ಬುಟ್ಟಿ ನೋಡಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ. ಕೋಲನ್ನು ಒರೆಸಿಕೊಂಡು ನೀರಿಗಿಳಿದು ನೇರ ಡ್ರಮ್ಮಿನ ಮುಚ್ಚಳ ತಿರುಗಿಸಿದೆ. ಕೋಲು ಇಳಿಸಿ ಎತ್ತಿದೆ. ನಾಲ್ಕನೇ ಗೀಟಿನವರೆಗೆ ಒದ್ದೆಯಾಗಿತ್ತು.

ನಂಬಿಕೆಯಾಗದೆ ಒರೆಸಿ ಮತ್ತೆ ಇಳಿಸಿದೆ. ನಾಲ್ಕೇ. ಐದು ವರ್ಷಗಳಲ್ಲಿ ಮೊದಲ ಸಲ ಆ ಡ್ರಮ್ಮಿನಲ್ಲಿ ಎಣ್ಣೆ ಉಳಿದು ಮನೆಗೆ ಬಂದಿತ್ತು.

ನಿಮ್ಮಪ್ಪ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. "ದ್ವೀಪದ ಈಚೆನೇ ಮೀನಿತ್ತು" ಅಂದರು.

ಕೋರ್ಟಿನಲ್ಲಿ ಆಣೆ ಮಾಡಿದೆ, ಚೀಟಿಯಲ್ಲಿ ಹೆಸರು ಬರೆದೆ. ಆಗೆಲ್ಲ ನನ್ನ ಕಣ್ಣಲ್ಲಿ ನೀರು ಬಂದಿರಲಿಲ್ಲ. ನಿನ್ನೆ ಮೊಣಕಾಲು ನೀರಿನಲ್ಲಿ ಆ ಒದ್ದೆ ಕೋಲು ಹಿಡಿದುಕೊಂಡು ನಿಂತಾಗ, ನನ್ನ ಮಗ ತೀರಿಕೊಂಡಿದ್ದಾನೆ ಎಂದು ನನಗೆ ಗೊತ್ತಾಯಿತು. ಅಲ್ಲೇ ಅತ್ತೆ. ನಿಮ್ಮಪ್ಪ ಬುಟ್ಟಿ ದೋಣಿಯೊಳಗಿಟ್ಟು ನನ್ನ ರಟ್ಟೆ ಹಿಡಿದುಕೊಂಡರು, ಅಲೆ ಬಂದಾಗ ಬೀಳದ ಹಾಗೆ.

ಈ ತಿಂಗಳು ಅವನ ನಂಬರಿಗೆ ದುಡ್ಡು ಹಾಕಿಲ್ಲ. ರಜೆಗೆ ಬಾ.

ನಿನ್ನ ಅಮ್ಮ, ಜಾರಾ